ಹದಿನೇಳು ಗೀಟು

ಕೊನೆಯ ಹಡಗು ಬಂದ ದಿನ ಪೀಪಾಯಿ ಮುಚ್ಚಳದ ಮೇಲೆ
ಗೀಟೆಳೆದವನು ನಾನೇ. ತುಂಬಿದ ಪೀಪಾಯಿಗೊಂದು ಗೀಟು.
ಹದಿನೇಳಾಗುವಷ್ಟರಲ್ಲಿ ಹೆರಿಂಗ್ ಮೀನು ಮುಗಿಯಿತು,
ಆ ವರ್ಷಕ್ಕಲ್ಲ,
ಸಿಗ್ಲುಫ್ಯೋರ್ದುರ್ ಊರಿಗೇ ಮುಗಿಯಿತು.

ಉಪ್ಪುಕಟ್ಟೆಯ ಲೆಕ್ಕ ಬರೆಯುತ್ತಿದ್ದ ಸ್ವಾನ್‌ಹಿಲ್ದುರ್
ಆ ಮುಚ್ಚಳವನ್ನು ಮನೆಗೆ ಹೊತ್ತೊಯ್ದಳು.
ಗೀಟನ್ನು ಗೀಟೆಂದು ಓದಲಿಲ್ಲ ಅವಳು.
ಒಂದರ ಪಕ್ಕ ಒಂದು, ಅದರ ಪಕ್ಕ ಒಂದು,
ಎಲ್ಲ ಸೇರಿ ಒಂದೇ ಸಂಖ್ಯೆ:
೧೧೧೧೧೧೧೧೧೧೧೧೧೧೧೧೧

‘ಇದು ಒಡೆಯುತ್ತದಾ, ಹಾಲ್‌ಬ್ಯೋರ್ನ್?’
ಪೀಪಾಯಿ ಕಟ್ಟುವವನಿಗೆ ಒಡೆಯುವುದು ಗೊತ್ತು:
ಬಳೆ ಸಡಿಲಿಸಿ ಒಂದು ಹಲಗೆ ತಟ್ಟಿದರೆ ಸಾಕು.
ಇದರ ಬಳೆ ಎಲ್ಲಿದೆಯೋ ನನಗೆ ಕಾಣಲಿಲ್ಲ.

ಹದಿನಾರಿದ್ದರೆ ಹನ್ನೊಂದಕ್ಕೇ ಬಿಚ್ಚಿಕೊಳ್ಳುತ್ತಿತ್ತಂತೆ,
ಹದಿನೈದಿದ್ದರೆ ನೂರಹನ್ನೊಂದಕ್ಕೆ.
ಹದಿನೇಳು ತಾನೇ ಯಾರಿಗೂ ಒಡೆಯದ್ದು, ಅದಕ್ಕೇ ಆಸೆ.
ಆಸೆಯಷ್ಟೇ, ಆಣೆಯಲ್ಲ.
ಮೂರು ಸೋತಿತು. ಏಳು ಬಂದು
ಎರಡು ಬಾಕಿ ಇಟ್ಟು ಹೋಯಿತು.

‘ಇದನ್ನು ಒಡೆಯುವವನಿಗೊಂದು ಗುರುತುಂಟು,
ಮೂವತ್ತನಾಲ್ಕರಿಂದ ಭಾಗಿಸಿದರೆ ಅವನಲ್ಲಿ ಒಂದು ಉಳಿಯಬೇಕು.’
ಗುರುತು ಹಿಡಿದು ಹೊರಟಳು:
ನೂರಮೂರು, ನೂರಮೂವತ್ತೇಳು, ಇನ್ನೂರಮೂವತ್ತೊಂಬತ್ತು...

ನವೆಂಬರಿನಲ್ಲಿ ಬೆಟ್ಟದ ಹಿಂದೆ ಹೋದ ಸೂರ್ಯ
ನಮ್ಮಲ್ಲಿ ಮುಖ ತೋರಿಸುವುದು ಜನವರಿಯ ಕೊನೆಗೆ.
ಆ ಕತ್ತಲಲ್ಲಿ ರಾತ್ರಿಗೆ ಹತ್ತು ಭಾಗಾಕಾರ.
ಯಾರಿಗೂ ಬೇಡವಾದ ಪೀಪಾಯಿಗಳ ಹಲಗೆಯನ್ನು
ನಾನು ಅವಳ ಒಲೆಗೆ ಹಾಕುತ್ತಿದ್ದೆ.
ಉಳಿದದ್ದನ್ನು ಅವಳು ಬರೆದಿಡುವಳು,
ಉರಿದದ್ದನ್ನು ನಾನು ಗುಡಿಸುವೆ.
ನಡುವೆ ಮಾತಿಗೆ ಬೇಕಾದಷ್ಟು ಜಾಗವಿತ್ತು.
ಆಡಲಿಲ್ಲ.

ಹದಿಮೂರನೆಯ ಚಳಿಗಾಲ. ಒಂದು ಮಂಗಳವಾರ.
ಶೇಷ ಸೊನ್ನೆ.

ಇಪ್ಪತ್ತು ಲಕ್ಷದ ಎಪ್ಪತ್ತೊಂದು ಸಾವಿರದ
ಏಳುನೂರ ಇಪ್ಪತ್ತಮೂರು.
ಅದರ ಜೋಡಿ, ಐನೂರ ಮೂವತ್ತಾರು ಕೋಟಿ
ಮೂವತ್ತೆರಡು ಲಕ್ಷದ ಇಪ್ಪತ್ತೆರಡು ಸಾವಿರದ
ಮುನ್ನೂರ ಐವತ್ತೇಳು.
ಎಂಥ ಒಡ್ಡೊಡ್ಡು ಮುಖಗಳು!
ಮೊದಲನೆಯದರಲ್ಲಿ ಒಂದು ಎಂಬ ಅಂಕಿ ಒಂದೇ ಸಲ,
ಎರಡನೆಯದರಲ್ಲಿ ಹುಡುಕಿದರೂ ಇಲ್ಲ.

ನಂಬದೆ ಗುಣಿಸಿದಳು, ಬಲದಿಂದ ಎಡಕ್ಕೆ.
ಮೂರೇಳಲಿ ಇಪ್ಪತ್ತೊಂದು, ಒಂದು ಬರೆ, ಕೈಗೆ ಎರಡು.
ಮುಂದಿನ ಮನೆ ಕೂಡಿದರೆ ಮೂವತ್ತೊಂದು, ಮತ್ತೆ ಒಂದು.
ಆಮೇಲೆ ಎಪ್ಪತ್ತೊಂದು, ಅಲ್ಲೂ ಒಂದು.
ಹಡಗುಗಳಿದ್ದ ಕಾಲದಲ್ಲಿ ಸಂಜೆ ಬಂದರಿನ ದೀಪ
ಒಂದಾದ ಮೇಲೆ ಒಂದು ಹೊತ್ತಿಕೊಳ್ಳುತ್ತಿದ್ದ ಹಾಗೆ
ಹದಿನೇಳೂ.

ಅತ್ತಳೋ ನಕ್ಕಳೋ, ಬೆನ್ನು ನನ್ನ ಕಡೆಗಿತ್ತು.
‘ಸೋತೆಯಾ?’ ಎಂದೆ.
‘ಕಾಫಿಗಿಡು’ ಎಂದಳು.

ಸೂರ್ಯ ಬಂದ ದಿನ ಊರೆಲ್ಲ ದೋಸೆಯಂಥ ಪ್ಯಾನ್‌ಕೇಕಿನ ವಾಸನೆ.
ಅವಳು ಹಿಟ್ಟು ಕಲಸುತ್ತಿದ್ದಾಗ
ಉಳಿ ತೆಗೆದುಕೊಂಡು ಮುಚ್ಚಳದ ತುದಿಯಲ್ಲಿ
ಇನ್ನೆರಡು ಗೀಟು ಕೊರೆದೆ.

ಬಂದು ನೋಡಿದಳು, ಕೈಯ ಹಿಟ್ಟು ಒಣಗುವವರೆಗೆ.
‘ಹತ್ತೊಂಬತ್ತು. ಇದು ಒಡೆಯುವುದಿಲ್ಲ,
ಎಂದೋ ಯಾರೋ ನೋಡಿ ಮುಗಿಸಿದ್ದಾರೆ.
ನಿನಗೆ ಹೇಗೆ ಗೊತ್ತಾಯಿತು?’

ನನಗೇನು ಗೊತ್ತಿತ್ತು!
ಜಾಗವಿತ್ತು ಹಲಗೆಯಲ್ಲಿ,
ಎರಡು ಗೀಟಿಗಾಗುವಷ್ಟು.