ಬಾಗಿಲಿಗೂ ಒಂದು ಟಿಕೆಟ್ಟು

ಬಸ್ಸಿನ ನೆತ್ತಿಗೆ ಆ ಬಾಗಿಲು ಕಟ್ಟಿದವನು ನಾನೇ,
ಮಪುಟೊ ನಿಲ್ದಾಣದಲ್ಲಿ, ಬೆಳಗಿನ ಜಾವ ಮೂರಕ್ಕೆ.
ಕೋಳಿಬುಟ್ಟಿ, ಈರುಳ್ಳಿ ಚೀಲ, ಯಾರದೋ ಹೊಲಿಗೆಯಂತ್ರ,
ಎಲ್ಲದರ ಮೇಲೆ ಅಂಗಾತ
ಹಿತ್ತಾಳೆ ಹಿಡಿಯ ಒಂದು ಮರದ ಬಾಗಿಲು.
‘ಇದಕ್ಕೂ ಒಂದಾಳಿನ ಟಿಕೆಟ್ಟು’ ಎಂದೆ.
ಅಲ್ಫಿಯಾದು ಚೌಕಾಸಿ ಮಾಡಲಿಲ್ಲ.
ಕೀಲಿಕೈ ಮಾತ್ರ ಕೊರಳ ದಾರದಲ್ಲಿ ಉಳಿಸಿಕೊಂಡ,
ದಾರಿಯಲ್ಲೆಲ್ಲೋ ಅದು ತಾನಾಗಿ ತೆರೆದೀತು ಎಂಬಂತೆ.

ಶಾಯ್‌ಶಾಯ್ ದಾಟಿದ ಮೇಲೆ ಮಳೆ ಹಿಡಿಯಿತು.
ಹಿಡಿದದ್ದು ಬಿಡಲಿಲ್ಲ.
ವೈಪರ್ ಒಂದು ಎಂದೋ ಸತ್ತಿತ್ತು, ಇನ್ನೊಂದು
ಗೊಣಗುತ್ತ ಇಬ್ಬರ ಕೆಲಸ ಮಾಡುತ್ತಿತ್ತು,
ನನ್ನ ಹಾಗೆ.

ಸಾವೆ ನದಿಗೆ ಇನ್ನೂ ಇಪ್ಪತ್ತು ಕಿಲೋಮೀಟರ್ ಇರುವಾಗಲೇ
ನದಿಯೇ ಎದುರು ಬಂತು.
ಮುರಿದ ರೊಟ್ಟಿಯಂತೆ ಹೆದ್ದಾರಿ,
ಒಳಗೆ ಕೆಂಪು ಮಣ್ಣು, ಬೇರು, ಒಂದು ಸಿಮೆಂಟಿನ ಕೊಳವೆ.
ಆಚೆ ದಡದಲ್ಲಿ ಅದೇ ಬಿಳಿ ಗೆರೆ
ಏನೂ ಆಗಿಲ್ಲವೆಂಬಂತೆ ಮುಂದುವರಿದಿತ್ತು.

ಲಾರಿಗಳು ಸಾಲುಗಟ್ಟಿದವು.
ಟೊಮೇಟೊ ತಂದವನು ಮೊದಲ ದಿನ ಮಾರಿದ,
ಎರಡನೆಯ ದಿನ ಹಂಚಿದ,
ಮೂರನೆಯ ದಿನ ಮೂಗು ಮುಚ್ಚಿಕೊಂಡ.
ಮೊಣಕಾಲುದ್ದ ನೀರಲ್ಲಿ ನಿಂತು
ಕುಡಿಯುವ ನೀರಿಗೆ ಜಗಳವಾಡಿದೆವು.
ಡೋನಾ ಎರ್ಮೀನಿಯಾ ಛತ್ರಿಯಡಿ ಗೇರುಬೀಜ ಹುರಿದಳು,
ಸಾಲ ಕೊಟ್ಟಳು, ಚೀಟಿಯಲ್ಲಿ ಬರೆದಳು:
‘ಬಸ್ಸಿನ ಹುಡುಗ, ಹನ್ನೊಂದು ಪೊಟ್ಟಣ.’
ಇನ್ನೂ ಕೊಟ್ಟಿಲ್ಲ.

ಎರಡನೆಯ ರಾತ್ರಿ ಬಾಗಿಲು ಇಳಿಸಿ
ನಾಲ್ಕು ಟೈರುಗಳ ಮೇಲೆ ಇಟ್ಟೆವು, ಮೇಲೊಂದು ತಾಡಪತ್ರಿ.
ಜ್ವರದ ಮಗುವೊಂದು ಅದರ ಮೇಲೆ ಮಲಗಿತು.
ಬೆಳಿಗ್ಗೆ ಅದರ ಮೇಲೇ ಇಸ್ಪೀಟು,
ಮಧ್ಯಾಹ್ನ ಮೆಕ್ಕೆಜೋಳದ ಮುದ್ದೆ, ಉಪ್ಪುಮೀನು.
ಪ್ರತಿ ಸಲವೂ ಅಲ್ಫಿಯಾದು ಅಂಗಿತೋಳಿನಿಂದ ಒರೆಸುತ್ತಿದ್ದ.
‘ಮನೆ ಎಲ್ಲಿಗೆ ಬಂತು?’ ಕೇಳಿದೆ.
‘ಗೋಡೆ ಎದೆಯೆತ್ತರ ಎದ್ದಿದೆ. ಮಣ್ಣಿನದು.’
ಇಬ್ಬರೂ ಮಳೆಯ ಕಡೆ ನೋಡಿದೆವು.
ಆಮೇಲೆ ನಾನು ಮನೆಯ ಸುದ್ದಿ ಎತ್ತಲಿಲ್ಲ.

ನಾಲ್ಕನೆಯ ದಿನ ಮೀನಿನ ದೋಣಿಗಳು ಬಂದವು,
ತಲೆಗೆ ಇನ್ನೂರು ಮೆತಿಕಾಲ್.
ದೋಣಿಯವ ಬಾಗಿಲನ್ನು ಮೇಲೆ ಕೆಳಗೆ ನೋಡಿ
‘ಇದಕ್ಕೂ ಒಂದಾಳಿನ ದುಡ್ಡು’ ಎಂದ.
ಕಿವಿಯೊಳಗೆ ನೀರು ಹೊಕ್ಕ ಹಾಗಾಯಿತು.
ಅಲ್ಫಿಯಾದು ಜೇಬು ತಡವಿದ, ಇನ್ನೊಂದು ಜೇಬು ತಡವಿದ.
ಕೊಟ್ಟವನು ನಾನು. ಮಾಲೀಕನ ದುಡ್ಡು.
ಲೆಕ್ಕದ ಪುಸ್ತಕದಲ್ಲಿ ಪಂಕ್ಚರ್ ಎಂದು ಬರೆದೆ.

ದೋಣಿ ನಡುನೀರಿಗೆ ಹೋದಾಗ
ಅವನು ಬಾಗಿಲನ್ನು ನೆಟ್ಟಗೆ ನಿಲ್ಲಿಸಿ ತಬ್ಬಿಕೊಂಡಿದ್ದ.
ಕಂದು ನೀರು, ತೇಲುವ ಹುಲ್ಲುಮಾಡು, ಒಂದು ಸತ್ತ ಮೇಕೆ,
ಮಧ್ಯೆ ಎಡಬಲಕ್ಕೆ ಗೋಡೆಯೇ ಇಲ್ಲದ ಬಾಗಿಲು.
‘ಮಲಗಿಸೋ ಅದನ್ನ, ಮುಳುಗಿಸ್ತೀಯ!’
ದೋಣಿಯವ ಬೈಯುವುದು ಬಹಳ ಹೊತ್ತು ಕೇಳಿಸಿತು.

ಹಗ್ಗ ಸುತ್ತಿಡಲು ಬಸ್ಸಿನ ಮೇಲೆ ಹತ್ತಿದೆ.
ಈರುಳ್ಳಿ ಚೀಲದ ಕಣ್ಣುಕಣ್ಣಲ್ಲೂ ಹಸಿರು ಮೊಳಕೆ.
ಅದು ಯಾರದೆಂದು ನೆನಪಾಗಲಿಲ್ಲ.