ಆಧಾರ: ಒಂದು ಗಿಳಿ

ಶುಕ್ರವಾರ. ಶಾಲೆಗೆ ರಜೆ. ಮುಹರ್ರಕ್‌ನ ಓಣಿಯಲ್ಲಿ
ಎ.ಸಿ.ಗಳು ಗೋಡೆಯಿಂದ ಹನಿ ಹನಿ ಉಗುಳುತ್ತಿವೆ.
ಕೋಲ್ಡ್ ಸ್ಟೋರಿನ ಹುಡುಗ ಎರಡು ಬಾಟಲಿ ಲಬನ್ ಕೈಗಿಟ್ಟು
"ಟೀಚರ್, ಮತ್ತೆ ಆ ಅಜ್ಜನ ಮನೆಗಾ?" ಅನ್ನುತ್ತಾನೆ.
ಹೌದು, ಮತ್ತೆ ಆ ಅಜ್ಜನ ಮನೆಗೆ.

ಜುಮಾ ಬಿನ್ ಸಯ್ಯಾರ್. ಎಂಬತ್ತೆಂಟೋ ತೊಂಬತ್ತೋ;
ಪಾಸ್‌ಪೋರ್ಟಿನಲ್ಲಿರುವ ಜನವರಿ ಒಂದು
ಯಾರೋ ಗುಮಾಸ್ತ ದಯಪಾಲಿಸಿದ ಹುಟ್ಟುಹಬ್ಬ.
ಅವರಪ್ಪ ಹಾಯಿಹಡಗಿನ ನಾಖುದಾ.
ಖರ್ಜೂರ ಹೇರಿಕೊಂಡು ನಮ್ಮ ಕಡೆಗೆ ಹೋಗಿ
ತಿರುಗಿ ಬರುವಾಗ ಏನು ತಂದರು?
ಮೊದಲ ಸಲ ಕೇಳಿದಾಗ: ಅಕ್ಕಿ.
ರಂಜಾನ್ ಕಳೆದ ಮೇಲೆ ಕೇಳಿದಾಗ: ಹೆಂಚು,
ಪ್ರತಿ ಹೆಂಚಿನ ಬೆನ್ನಿಗೂ ಒಂದು ಆನೆ.
ಮೂರನೆಯ ಸಲ, ಖಾವಾ ಬಗ್ಗಿಸುತ್ತ: ಒಂದು ಗಿಳಿ.

ಮೂರನ್ನೂ ಬರೆದುಕೊಂಡಿದ್ದೇನೆ, ತಾರೀಖು ಹಾಕಿ.
ತರಗತಿಯಲ್ಲಿ ನಾನು ಇಸವಿ ಉರುಹೊಡೆಸುವವಳು.
ಏಳನೇ 'ಬಿ'ಯ ಒಬ್ಬ ಹುಡುಗಿ ಒಮ್ಮೆ ಎದ್ದು ನಿಂತು
"ಮಿಸ್, ಯುದ್ಧದ ದಿನ ಮಧ್ಯಾಹ್ನ ಅವರು ಏನು ತಿಂದರು?" ಎಂದಳು.
ತರಗತಿ ನಕ್ಕಿತು. ನಾನೂ ನಕ್ಕೆ.
ಆಮೇಲೆ ಬಸ್ಸಿನಲ್ಲಿ ಕೂತಾಗ ನಗು ನಿಂತುಹೋಯಿತು.

ಗುಜರಾತಿ ಶೇಟ್‌ನ ಲೆಕ್ಕದ ಪುಸ್ತಕ ಸಿಕ್ಕಿದ್ದು
ಮನಾಮಾದಲ್ಲಿ, ಬಟ್ಟೆ ಅಂಗಡಿಯ ಅಟ್ಟದ ಮೇಲೆ.
ಉಪ್ಪುಗಾಳಿಗೆ ಹಪ್ಪಳವಾದ ಪುಟಗಳು,
ತಿರುವಿದರೆ ಮುರಿಯುತ್ತವೆ.
ಸಯ್ಯಾರನ ಹಡಗು, ಗಂಗೊಳ್ಳಿ ಬಂದರು:
ಅಕ್ಕಿ ಇನ್ನೂರು ಮುಡಿ. ಹೆಂಚು ಸಾವಿರದ ಇನ್ನೂರು,
ಒಡೆದದ್ದು ನಲವತ್ತಮೂರು. ಕತ್ತದ ಹಗ್ಗ.
ಗಿಳಿ ಇಲ್ಲ.
ರೂಪಾಯಿ, ಆಣೆ, ಪೈ ಎಲ್ಲ ಕೂಡಿ ಬರುತ್ತದೆ,
ಗಿಳಿ ನುಸುಳಲು ಎಲ್ಲೂ ಸಂದಿಲ್ಲ.

ಇಷ್ಟಕ್ಕೇ ನಿಲ್ಲಿಸುವುದು ಪ್ರಾಮಾಣಿಕತೆ.
ಆದರೆ ನನ್ನ ಚಪಲ ನನಗೆ ಗೊತ್ತು:
ಕಾಗದ ಮುಗಿದಲ್ಲಿ ಬೆರಳು ತುರಿಸುತ್ತದೆ,
ಪಂಜರಕ್ಕೆ ಬಣ್ಣ, ಹಡಗಿಗೆ ಬಿರುಗಾಳಿ,
ನಾಖುದಾನ ಎದೆಗೊಂದು ವಿರಹ
ಅಂಟಿಸಿಬಿಡಲೇ ಅನ್ನಿಸುತ್ತದೆ.
ರಾತ್ರಿ ಬರೆದು ಬೆಳಿಗ್ಗೆ ಹೊಡೆದುಹಾಕುತ್ತೇನೆ.
ಹೊಡೆದುಹಾಕಿದ ಸಾಲುಗಳೇ ಚೆನ್ನಾಗಿರುತ್ತವೆ, ಅದೇ ಕಷ್ಟ.

ಇವತ್ತು ಕೇಳಿದೆ: ಗಿಳಿ ಮಾತಾಡುತ್ತಿತ್ತಾ?
(ನಮ್ಮದು ಅರ್ಧ ಅರಬ್ಬಿ, ಅರ್ಧ ಹಿಂದಿ.)
"ಹೂಂ, ಗಿಳಿಗಳ ಭಾಷೆಯಲ್ಲಿ,"
ಎಂದವರೇ ಹಲ್ಲಿಲ್ಲದ ಬಾಯಿ ಸೊಟ್ಟ ಮಾಡಿ, ಕತ್ತು ಕೊಂಕಿಸಿ
ಐದು ವರ್ಷದ ಹುಡುಗನ ಕೀಚಲು ದನಿಯಲ್ಲಿ ಕೂಗಿದರು:
"ಹ್ವಾಯ್, ಉಂಡ್ರ್ಯಾ? ಹ್ವಾಯ್, ಉಂಡ್ರ್ಯಾ?"

ಖಾವಾದ ಬಟ್ಟಲು ಕೈಯಲ್ಲೇ ಉಳಿಯಿತು.
ಕುಂದಾಪುರದ ನನ್ನ ದೊಡ್ಡಮ್ಮ
ಬೇಲಿಯಾಚೆಗೆ ಎಸೆಯುತ್ತಿದ್ದ ಮಾತು.

ತಕ್ಷಣ ಒಳಗಿನ ಪತ್ತೇದಾರಳು ಎದ್ದು ಕೂತಳು:
ಮನಾಮಾದ ಉಡುಪಿ ಹೋಟೆಲಿನಲ್ಲಿ ಕೇಳಿರಬಾರದೇಕೆ?
ಬಂದರಿನ ಕೂಲಿಗಳಿಂದ? ನನ್ನ ಬಾಯಿಂದಲೇ, ಫೋನಿನಲ್ಲಿ?
ಒಂದೊಂದಾಗಿ ಕೇಳಿದೆ. ಅವರಿಗೆ ಬೇಜಾರಾಯಿತು.
"ಗಿಳಿಯದ್ದೆಂದರೆ ಗಿಳಿಯದ್ದು.
ಅದರ ಅರ್ಥ ನಿನಗೆ ಗೊತ್ತಾ?"

ಹೇಳಿದೆ: ಊಟ ಆಯಿತಾ ಅಂತ ಕೇಳುತ್ತಿತ್ತು.

ಮಸೀದಿಯ ಮೈಕು ಹೊರಗೆ ಒಮ್ಮೆ ಕೆಮ್ಮಿ ಸರಿಹೋಯಿತು.
"ಮರುವರ್ಷ ಯುದ್ಧ. ಹಡಗು ಹೋಗಲಿಲ್ಲ, ಅಕ್ಕಿ ಬರಲಿಲ್ಲ.
ಅಮ್ಮ ಒಣಮೀನನ್ನು ಬೆರಳಿನಿಂದ ಅಳೆದು ಕೊಡುತ್ತಿದ್ದಳು.
ಅದು ದಿನಕ್ಕೆ ನೂರು ಸಲ ಕೇಳುತ್ತಿತ್ತು," ಎಂದರು,
"ನಾವು ಯಾರೂ ಉತ್ತರ ಕೊಡಲೇ ಇಲ್ಲ."
ಆಮೇಲೆ ನನ್ನ ಕಡೆ ನೋಡದೆ, ಖಾಲಿ ಮೂಲೆಯ ಕಡೆ ತಿರುಗಿ:
"ಇಲ್ಲ. ಇನ್ನೂ ಇಲ್ಲ."

ಮನೆಗೆ ಬಂದು ಹೆಂಚಿನ ಲೆಕ್ಕದ ಕೆಳಗೆ
ಸಣ್ಣ ಅಕ್ಷರದಲ್ಲಿ ಬರೆದೆ: ಗಿಳಿ, ಒಂದು.
ಆಧಾರ, ಬಾಯಿಮಾತು. ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ;
ಅದನ್ನು ಎರಡು ಸಲ ಅಳಿಸಿ ಮೂರು ಸಲ ಹಾಕಿದೆ.

ಭಾನುವಾರ ಮೊದಲ ಪೀರಿಯಡ್ ಏಳನೇ 'ಬಿ'.
ಆ ಹುಡುಗಿಯ ಹೆಸರೇ ನೆನಪಾಗುತ್ತಿಲ್ಲ.
ಹಾಜರಿ ಪುಸ್ತಕ ನೋಡಬೇಕು.