ಉಸಿರು ಬಿಡ್ರಿ

ವಾರದಾಗ ಆರು ದಿನ ನಾ ತೆಗೆಯೋ ಫೋಟೋಕ್ಕ
ಯಾರೂ ಕೊಂಕು ತೆಗೆಯೂದಿಲ್ಲ.
ಪಕ್ಕೆಲುಬು ಇದ್ದಲ್ಲೇ ಇರ್ತಾವ,
ಬೆಳಕು ನಾ ಹೇಳಿದಷ್ಟೇ,
ಹಿನ್ನೆಲಿ ಯಾವತ್ತೂ ಕಪ್ಪು.
ಉಸಿರು ಹಿಡೀರಿ, ಅಂತೀನಿ.
ಶ್ವಾಸ ರೋಖಾ.
ಊಪಿರಿ ಬಿಗಪಟ್ಟಂಡಿ.
ಸೋಲಾಪುರದಾಗ ಎಕ್ಸ್‌ರೇ ತೆಗೆಯೋವಂಗ
ಮೂರು ಭಾಷಾದಾಗ ಇದೊಂದು ಮಾತು ಬಂದ್ರ ಸಾಕು.
ಏನು ಕಾಣ್ತದರೀ ಅಂತ ಕೇಳಿದ್ರ
ಡಾಕ್ಟರ್ ಹೇಳ್ತಾರ, ಅನ್ನೂದು.
ನನಗ ಕಂಡಿರ್ತದ. ಹೇಳೂ ಹಂಗಿಲ್ಲ.

ತಿಂಗಳ ಎರಡನೇ ಶನಿವಾರ ಸಂಜಿಮುಂದ
ಅಶೋಕ ಚೌಕಿನ ಹಿಂದ, ಪವರ್‌ಲೂಮಿನ ಮಾಳಗಿ ಮ್ಯಾಲ
ಏಳು ಮಂದಿ ಕೂಡ್ತೀವಿ.
ಕೆಳಗ ಚಾದರ ನೇಯ್ತಿರ್ತಾವ,
ಮ್ಯಾಲ ಚಹಾದ ಕಪ್ಪು ತಾವಾಗೇ
ಮೇಜಿನ ಅಂಚಿಗೆ ನಡಕೋತ ಹೋಗ್ತಾವ.

ಶಂಶುದ್ದೀನ ಬಾಗವಾನ ಹಣ್ಣಿನ ಗಾಡಿಯಾಂವ.
ಬಾಳಿಹಣ್ಣು ಮುಂಜಾನಿ ನೀಲಿ ಹೊಡೀತದ,
ಮಧ್ಯಾಹ್ನಕ್ಕ ಸುಣ್ಣ,
ಖರೇ ಹಳದಿ ಸಿಗೂದು ಸಂಜಿಗೆ ಇಪ್ಪತ್ತು ನಿಮಿಷ,
ಗಿರಾಕಿ ಬರೂದೂ ಆವಾಗೇ, ಅಂತಾನ.
ಮಲ್ಲಿನಾಥ ಬಿರಾಜದಾರ
ಮೂರು ತಿಂಗಳಾತು, ಲೆನ್ಸ್ ತೋರಸ್ತಾನ, ಫೋಟೋ ತೋರಸೂದಿಲ್ಲ.
ಇನ್ನ ಏಳು ಹಫ್ತೆ ಕಟ್ಟೂದದ,
ಅಲ್ಲೀತನಕ ಹೊರಗ ಒಯ್ಯೂದಿಲ್ಲಂತ, ಧೂಳ ಅದ.
ಚಿಲುವೇರಿ ಗಣೇಶ ಕಾಲೇಜು ಹುಡುಗ.
ಮುಂದಿನ ವರ್ಷ ಪುಣೆದಾಗ ಪ್ರದರ್ಶನ, ಆಮ್ಯಾಲ ಮುಂಬೈ.
ಎಲ್ಲಾರ ಫೋಟೋ ಮ್ಯಾಲೂ ಪೆನ್ನಿನಿಂದ
ಒಂಬತ್ತು ಚೌಕ ಗೆರಿ ಕೊರೀತಾನ.
ನಿಮ್ಮಮ್ಮ ನಟ್ಟನಡುವ ಬಂದಾರ, ತಪ್ಪು.
ಶಂಶುದ್ದೀನ ಕೇಳ್ದ:
ನಮ್ಮಮ್ಮ ಮತ್ತೆಲ್ಲಿ ಕೂಡಬೇಕಪಾ?
ಒಬ್ಬಾಂವ ಮಾಲಕನ ಅಳಿಯ. ಖೋಲಿ ಅವಂದು.
ಹಿಂಗಾಗಿ ಅವನ ಫೋಟೋ ಎಲ್ಲಾ ಛಲೋ.

ಕಾಶೀನಾಥಪ್ಪ ಕಲಶೆಟ್ಟಿ ನಲವತ್ತು ವರ್ಷ
ಜಕಾರ್ಡಿನ ರಟ್ಟಿಗೆ ತೂತು ಹೊಡೆದಾಂವ,
ಕಿವಿ ಅರ್ಧ ಹೋಗ್ಯಾವ.
ಪೂರಾ ಹೋಗೂದ್ರಾಗ
ಮಗ್ಗದ ಸದ್ದು ಒಂದು ಫೋಟೋದಾಗ ಹಿಡೀಬೇಕು, ಅಂತಾನ.
ನಾವು ನಗ್ತೀವಿ.
ಕೇಳಿಸದೇ ಅವನೂ ನಗ್ತಾನ.

ಅಂಗನವಾಡಿ ಮಹಾನಂದಾ ಹತ್ತೂರೆ
ಆ ಸಲ ತಂದದ್ದು ಇದೇ ಖೋಲಿ.
ಹಿಂದಿನ ತಿಂಗಳು ಮೊಬೈಲು ಮೇಜಿನ ಮ್ಯಾಲಿಟ್ಟು ತೆಗೆದಿದ್ದು,
ಗಾಜು ಒಡೆದ ಮೊಬೈಲು.
ಒಬ್ಬೊಬ್ಬರೂ ಎರಡೆರಡು,
ಅಂಚಿಗೆಲ್ಲಾ ಇನ್ನೊಂದು ಅಂಚು.
ಅಲುಗ್ಯಾದ, ಅಂದ ಗಣೇಶ, ತೆಗೆದು ಒಗೀರಿ ಅಕ್ಕಾ.
ಕಲಶೆಟ್ಟಿ ಚಷ್ಮಾ ಹಣಿಗೇರಿಸಿ
ಆ ಅಂಚಿನಗುಂಟ ಬೆರಳು ಎಳೆದ,
ಮತ್ತೊಮ್ಮೆ ಎಳೆದ.
ಮೂರನೇ ಸಾಲು, ಗ್ವಾಡಿ ಕಡಿ ಮಗ್ಗ.
ಬೆಲ್ಟು ಸಡ್ಲ ಆಗ್ಯದ. ಹೇಳ್ರಿ ಯಾರರೆ.
ಅಳಿಯ ಕೆಳಗ ಹೋಗಿ ಬಂದ.
ಸಡ್ಲ ಆಗಿತ್ತಂತ.
ಹೋದ ವಾರ ಬದಲಿ ಮಾಡ್ಯಾರ.

ನೀ ಏನು ತಂದಿ, ಅಂದ್ರು.
ನಾ ಏನೂ ತಂದಿರಲಿಲ್ಲ.
ಸೀಸದ ಗಾಜಿನ ಹಿಂದ ನಿಂತು
ಉಸಿರು ಬಿಡ್ರಿ ಅಂದಕೂಡ್ಲೆ
ಮಂದಿ ಮುಖ ಒಂದು ಥರಾ ಆಗ್ತದ.
ಅಷ್ಟರಾಗ ಮಷೀನು ಕಣ್ಣು ಮುಚ್ಚಿರ್ತದ.
ಅದು ಬೇಕು ನನಗ.
ಆದ್ರ ಕ್ಯಾಮೆರಾ ಒಳಗ ಒಯ್ಯಬಾರದು,
ಹಂತಾ ಹೊತ್ತಿನ್ಯಾಗ ಕೇಳಲೂಬಾರದು.

ಹೇಳ್ತಿದ್ದಂಗ ಕರೆಂಟ್ ಹೋತು.
ಕೆಳಗಿನ ಮಗ್ಗ ಎಲ್ಲಾ ಒಮ್ಮೆಲೇ.
ಕಪ್ಪು ಅಂಚಿನ್ಯಾಗ ನಿಂತ್ವು.
ಇಷ್ಟೊತ್ತು ಒದರಿ ಒದರಿ ಮಾತಾಡ್ತಿದ್ವಿ ಅನ್ನೂದು
ಆಗ ತಿಳೀತು.
ಮಹಾನಂದಾನ ಅರ್ಧ ಮಾತು ಜೋರಾಗಿ ಹೊರಬಿದ್ದು
ಆಕಿ ಬಾಯಿ ಮ್ಯಾಲ ಕೈ ಇಟ್ಕೊಂಡ್ಳು.
ಕಲಶೆಟ್ಟಿಗೆ ಅಂಗಾಲಿಂದ ಗೊತ್ತಾತು, ನೆಲ ನೋಡ್ದ.
ಎಲ್ಲಾರೂ ಉಸಿರು ಬಿಟ್ರು.
ಒಂದೇ ಕಿಡಕಿ, ಹೊರಗ ಮುಳುಗೋ ಹೊತ್ತು,
ಕ್ಯಾಮೆರಾ ತೊಡಿ ಮ್ಯಾಲ,
ಸೆಕೆಂಡಿನ ಎಂಟನೇ ಪಾಲು.
ನಾ ಹಿಡಿದೆ, ನನ್ನದು.

ಮುಂದಿನ ತಿಂಗಳು ಗಣೇಶ ಚೌಕ ಕೊರೆದು ಹೇಳ್ದ:
ಎಲ್ಲಾರೂ ಒಂದೇ ಮೂಲಿಗೆ ಬಂದಾರ,
ಕಿಡಕಿ ವಾರಿ ಆಗ್ಯದ, ಬೆಳಕು ಕಡಿಮಿ.
ಖರೇನೇ.
ಕಲಶೆಟ್ಟಿ ಇಸಕೊಂಡು ಅಂಚಿನಗುಂಟ ಬೆರಳು ಎಳೆದ.
ಭಾಳ ಹೊತ್ತು ಹುಡುಕ್ದ.
ಇದರಾಗ ಏನೂ ಕೇಳಸೂದಿಲ್ಲ, ಅಂತ
ಅಂಗಿ ಕಿಸೆದಾಗ ಇಟ್ಟುಕೊಂಡ.
ತಿರುಗಿ ಕೇಳಬೇಕಂತ ಇದ್ದೆ.
ಚಹಾ ಬಂತು.